ದುಬಲಗುಂಡಿಯ ಸಂಜೆ, ಹಿಮದೂರಿನ ಬೆಳಗು

ಹೋಗಿ ಬಂದ ಊರಿನ ಹೆಸರನ್ನು ಮೊದಲ ಸಾಲಿನಲ್ಲೇ ಹೇಳಿಬಿಡುವುದು ಪ್ರವಾಸ ಬರೆಯುವವರ ಮರ್ಯಾದೆ. ನನಗೆ ಆ ಅವಕಾಶವಿಲ್ಲ. ಹೆತ್ತವರಿಂದ ದೂರವಾಗಿ ಬೇರೆಯವರ ಮನೆಯಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ಅಲ್ಲಿ ಹೇಗೆ ಕಲಿಸುತ್ತಾರೆಂದು ನೋಡಲು ಹೋಗಿದ್ದೆ. ಮಗುವಿನ ಹೆಸರು, ಮನೆಯ ಗುರುತು, ಊರು, ಯಾವುದನ್ನೂ ಎಲ್ಲಿಯೂ ಹೇಳುವುದಿಲ್ಲವೆಂದು ಹೋದ ದಿನವೇ ಅಲ್ಲಿಯವರು ಸಹಿ ಹಾಕಿಸಿಕೊಂಡರು. ಅಮೆರಿಕದ ಈಶಾನ್ಯ ಮೂಲೆಯಲ್ಲಿ ವರ್ಮಾಂಟ್ ಎಂಬ ಪುಟ್ಟ ರಾಜ್ಯ, ಅದರ ಬೆಟ್ಟಗಳ ಸಂದಿಯಲ್ಲೊಂದು ಊರು ಎಂದಷ್ಟೇ ತಿಳಿದುಕೊಳ್ಳಿ. ನಾನದನ್ನು ಹಿಮದೂರು ಎನ್ನುತ್ತೇನೆ. ಜನರ ಹೆಸರುಗಳನ್ನೂ ಬದಲಿಸಿದ್ದೇನೆ. ನಮ್ಮ ಹುಮನಾಬಾದಿನಲ್ಲಾದರೆ ಇಂಥ ಸಹಿಗೆ ಅರ್ಥವೇ ಇರುತ್ತಿರಲಿಲ್ಲ. ಯಾರ ಕೂಸು ಯಾರ ಮನೆಯಲ್ಲಿದೆ, ಯಾಕಿದೆ ಎಂಬುದು ಬಸ್ ನಿಲ್ದಾಣದ ಚಹಾದಂಗಡಿಯವನಿಗೂ ಗೊತ್ತಿರುತ್ತದೆ, ಕೇಳದಿದ್ದರೂ ಹೇಳುತ್ತಾನೆ.

ಹುಮನಾಬಾದ್

ನಾನು ಬಸವಕಲ್ಯಾಣದವಳು. ಹುಮನಾಬಾದಿನಲ್ಲಿ ಕೋಣೆ ಮಾಡಿಕೊಂಡು, ಬೆಳವಣಿಗೆ ತಡವಾದ ಚಿಕ್ಕ ಮಕ್ಕಳಿಗೆ ಕಲಿಸುವ ವಿಶೇಷ ಶಿಕ್ಷಕಿಯಾಗಿ ಕೆಲಸ ಮಾಡುತ್ತೇನೆ. ಕಾಲೇಜಿನಲ್ಲಿದ್ದಾಗ ಚರ್ಚಾ ಸ್ಪರ್ಧೆಗಳಿಗೆ ಹೋಗುತ್ತಿದ್ದೆ. ಪರವೋ ವಿರೋಧವೋ ಚೀಟಿ ಎತ್ತಬೇಕು, ಬಂದ ಕಡೆಯಿಂದ ಮಾತಾಡಿ ಗೆಲ್ಲಬೇಕು. ಹೊರಡುವ ಮುಂಚಿನ ವಾರ ಬೀದರಿನಲ್ಲಿ, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನಾನು ಮಾಡಿದ್ದೂ ಅದನ್ನೇ.

ವಿಷಯ ಮುನ್ನಿಯದು. ಎರಡೂವರೆ ವರ್ಷದ ಹುಡುಗಿ. ಹೆತ್ತವರು ನೋಡಿಕೊಳ್ಳುವ ಸ್ಥಿತಿಯಲ್ಲಿಲ್ಲದ್ದರಿಂದ ಸಮಿತಿ ಅವಳನ್ನು ಪೋಷಕತ್ವ ಯೋಜನೆಯಲ್ಲಿ ದುಬಲಗುಂಡಿಯ ಶಾಂತಾಬಾಯಿಯವರ ಮನೆಗೆ ಕೊಟ್ಟು ಎಂಟು ತಿಂಗಳಾಗಿತ್ತು. ಶಾಂತಾಬಾಯಿ ಹೊಲದ ಕೆಲಸಕ್ಕೆ ಹೋಗುವವರು. ಅವರ ಮಕ್ಕಳೆಲ್ಲ ದೊಡ್ಡವರಾಗಿ ಬೇರೆ ಊರು ಸೇರಿದ್ದಾರೆ. ಬಂದಾಗ ಮುನ್ನಿ ಕೂರುತ್ತಲೂ ಇರಲಿಲ್ಲ. ಈಗ ಗೋಡೆ ಹಿಡಿದು ನಿಲ್ಲುತ್ತಾಳೆ. ಮಾತು ಮಾತ್ರ ಒಂದೂ ಇಲ್ಲ.

ನಾನು ಮೂರು ಸಲ ಅವರ ಮನೆಗೆ ಹೋಗಿದ್ದೆ, ಮೂರು ಅಂಶ ಬರೆದುಕೊಂಡಿದ್ದೆ. ಮನೆಯಲ್ಲಿ ತರಬೇತಿ ನಡೆಯುತ್ತಿಲ್ಲ. ಇಲಾಖೆ ಕೊಟ್ಟ ಆಟಿಕೆಗಳ ಪೆಟ್ಟಿಗೆ, ಸುತ್ತಿದ ಪ್ಲಾಸ್ಟಿಕ್ಕನ್ನೂ ಬಿಚ್ಚದೆ, ಸಂದೂಕದೊಳಗೆ ಬೀಗದಲ್ಲಿದೆ. ಮಗು ಸಾಕುತಾಯಿಗೆ ಅತಿಯಾಗಿ ಅಂಟಿಕೊಳ್ಳುತ್ತದೆ, ಪರೀಕ್ಷಿಸಲು ಬಂದವರಿಗೆ ಸಹಕರಿಸುವುದಿಲ್ಲ. ಆದ್ದರಿಂದ ತರಬೇತಿ ಕೋಣೆ ಇರುವ, ದೂರದ ಪಟ್ಟಣದ ವಿಶೇಷ ಪಾಲನಾ ಕೇಂದ್ರಕ್ಕೆ ಮುನ್ನಿಯನ್ನು ಕಳಿಸಬೇಕು. ಇಷ್ಟನ್ನು ನಿಲ್ಲದೆ, ಚೀಟಿ ನೋಡದೆ ಹೇಳಿದೆ.

ಅಧ್ಯಕ್ಷರು ನಿವೃತ್ತ ಮುಖ್ಯೋಪಾಧ್ಯಾಯರು. "ಪರದೇಶದಿಂದ ಬಂದ ಮ್ಯಾಲ ಇದನ್ನೇ ಬರದ ಕೊಡ್ರಿ ಅಕ್ಕೋರೆ. ಅವತ್ತೇ ಹುಕುಂ ಮಾಡೂಣು," ಎಂದರು. ಆಮೇಲೆ ಬಾಗಿಲ ಕಡೆ ನೋಡಿ, "ನಿಂದೇನರ ಹೇಳೋದದ ಏನವ್ವಾ?" ಎಂದು ಕೇಳಿದರು. ಶಾಂತಾಬಾಯಿ ಬಾಗಿಲಲ್ಲೇ ನಿಂತಿದ್ದರು. ಒಳಗೆ ಖಾಲಿ ಕುರ್ಚಿಗಳಿದ್ದವು. ಕೂರಿ ಎಂದು ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

"ಅಕ್ಕೋರು ಕಲ್ತೋರ್ರಿ. ನಾ ಏನ್ ಹೇಳ್ಲಿ," ಎಂದರು.

ಗೆದ್ದೆ ಎಂದುಕೊಂಡೆ.

ಹೊರಡುವ ದಿನ ಹೈದರಾಬಾದ್ ಬಸ್ಸಿಗೆ ಕಾಯುತ್ತಿದ್ದಾಗ ಅವರು ದುಬಲಗುಂಡಿಯಿಂದ ಬಂದಿದ್ದರು, ಸೊಂಟದ ಮೇಲೆ ಮುನ್ನಿ, ಕೈಯಲ್ಲಿ ಬಟ್ಟೆಯ ಗಂಟು. ಗಂಟಿನಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ.

"ಅಲ್ಲಿ ಏನ್ ತಿಂತೀರೋ ಏನೋ. ತಿಂಗಳ ಇಟ್ರೂ ಖರಾಬ್ ಆಗಂಗಿಲ್ಲ, ತಗೋರಿ." ಗಂಟು ನನ್ನ ಕೈ ಸೇರಿದ ಮೇಲೆ, "ನೀವ್ ತಿರುಗಿ ಬಂದ ಮ್ಯಾಲ ಮುನ್ನಿಗ ಒಯ್ತಾರೇನ್ರಿ?" ಎಂದರು.

"ಅಕಿ ಒಳ್ಳೇದಕ್ಕ ಅಲ್ಲೇನ್ರಿ ಶಾಂತಾಬಾಯಿ?"

"ಹೌದ್ರಿ, ಒಳ್ಳೇದಕ್ಕೇ." ಮುನ್ನಿಯನ್ನು ಸೊಂಟದ ಮೇಲೆ ಸರಿಮಾಡಿಕೊಂಡು, "ಅಲ್ಲಿ ಅಕಿ ನಿದ್ದ್ಯಾಗ ಅಂಜಿ ಅತ್ತರ ಯಾರ್ ಎತ್ಕೋತಾರ್ರಿ?"

"ನೋಡ್ಕೊಳ್ಳೋರು ಇರ್ತಾರ್ರಿ."

"ಡ್ಯೂಟಿ ಮ್ಯಾಲ ಇದ್ದೋರು?"

"ಹೌದು."

"ಹಾಂ," ಎಂದರು.

ವಾದಕ್ಕೆ ಪ್ರತಿವಾದ ಹೂಡಬಹುದು. "ಹಾಂ" ಎಂಬುದಕ್ಕೆ ಏನು ಹೂಡುವುದು? ಅಷ್ಟರಲ್ಲಿ ಬಸ್ ಬಂತು.

ಮೋಡದ ಮೇಲೆ

ವಿಮಾನದಲ್ಲಿ ಹಗಲಿಗೆ ಹಗಲಿನ ಗುಣವಿಲ್ಲ, ಇರುಳಿಗೆ ಇರುಳಿನದಿಲ್ಲ. ಕಿಟಕಿಯ ಮುಚ್ಚಳ ಎಳೆದರೆ ಕತ್ತಲು, ಎತ್ತಿದರೆ ಕಣ್ಣು ಕುಕ್ಕುವ ಬೆಳಕು, ಕೆಳಗೆ ಹಿಂಜಿದ ಅರಳೆಯಂಥ ಮೋಡ. ನಿದ್ದೆಯೂ ಎಚ್ಚರವೂ ಒಂದಕ್ಕೊಂದು ಕಲೆಸಿಹೋಗಿ, ಬಸವಕಲ್ಯಾಣದ ತ್ರಿಪುರಾಂತ ಕೆರೆಯ ದಂಡೆಯಲ್ಲಿ ನಡೆಯುತ್ತಿದ್ದೇನೆ ಎಂದುಕೊಂಡೆ. ನೀರು ಎಲ್ಲಿ ಮುಗಿಯಿತು, ಮಂಜು ಎಲ್ಲಿ ಶುರುವಾಯಿತು ಗೊತ್ತಾಗುತ್ತಿಲ್ಲ. ಅಕ್ಕಪಕ್ಕ ಯಾರೂ ಇಲ್ಲ. ದೂರದಿಂದ ಯಾರೋ "ಹಾಂ" ಎನ್ನುತ್ತಾರೆ. ಕಣ್ಣು ಬಿಟ್ಟರೆ ಗಗನಸಖಿ ಕಿತ್ತಳೆ ರಸ ಹಿಡಿದು ನಿಂತಿದ್ದಳು.

ಬಾಸ್ಟನ್ನಿನಲ್ಲಿ ಸುಂಕದ ಅಧಿಕಾರಿ ಗಂಟು ಬಿಚ್ಚಿಸಿದ. "ಇದೇನು?"

"ರೊಟ್ಟಿ. ನೀವು ಬ್ರೆಡ್ ಅಂತೀರಲ್ಲ, ಹಾಗೆ."

ಅವನು ಒಂದನ್ನು ಎತ್ತಿ ಮೇಜಿಗೆ ಬಡಿದ. ಟಕ್ ಟಕ್ ಎಂದಿತು. ನನ್ನ ಮುಖ ನೋಡಿದ. ಪಕ್ಕದವನನ್ನು ಕರೆದು ತೋರಿಸಿದ. ಅವನೂ ಬಡಿದು ನೋಡಿದ. ಕೊನೆಗೆ ಅಪಾಯವಿಲ್ಲವೆಂದು ತೀರ್ಮಾನಿಸಿ, ತೀರಾ ಅಪನಂಬಿಕೆಯಿಂದ, ಬಿಟ್ಟುಕೊಟ್ಟರು.

ಹಿಮದೂರು, ಮೊದಲ ಬೆಳಗು

ಬಸ್ಸಿನಲ್ಲಿ ಉತ್ತರಕ್ಕೆ ಹೋದಷ್ಟೂ ಬಣ್ಣಗಳು ಒಂದೊಂದಾಗಿ ಇಳಿದುಹೋದವು. ಬೆಳಿಗ್ಗೆ ಎದ್ದು ಕಿಟಕಿಯ ಪರದೆ ಸರಿಸಿದರೆ, ಊರನ್ನು ಯಾರೋ ಬರೆದು ಅರ್ಧ ಅಳಿಸಿಬಿಟ್ಟಿದ್ದರು. ಮರಗಳಿಗೆ ಮೇಲಿನ ಅಂಚು ಮಾತ್ರ, ಮನೆಗಳಿಗೆ ಚಿಮಣಿ ಮಾತ್ರ. ಹಿಮ ಬೀಳುವಾಗ ಸದ್ದಾಗುತ್ತದೆ ಎಂದು ಯಾಕೆ ಅಂದುಕೊಂಡಿದ್ದೆನೋ. ಸದ್ದಾಗುವುದಿಲ್ಲ, ಇದ್ದ ಸದ್ದನ್ನೂ ಅದು ನುಂಗುತ್ತದೆ. ಹುಮನಾಬಾದಿನ ನನ್ನ ಕೋಣೆಯಲ್ಲಿ ಹೆದ್ದಾರಿಯ ಲಾರಿಗಳು ಕಿವಿಯೊಳಗೇ ಗೇರು ಬದಲಿಸುತ್ತವೆ. ಇಲ್ಲಿ ನನ್ನ ಉಸಿರೇ ನನಗೆ ಕೇಳಿ, ಯಾರೋ ಕೋಣೆಯಲ್ಲಿದ್ದಾರೆ ಎಂದು ಒಮ್ಮೆ ತಿರುಗಿ ನೋಡಿದೆ.

ಆ ಊರಿನವರ ಸೌಜನ್ಯಕ್ಕೆ ಹುಷಾರಾಗಿರಬೇಕು. ರಸ್ತೆ ಬದಿಯಲ್ಲಿ ಏನೋ ಯೋಚಿಸುತ್ತ ನಿಂತಿದ್ದೆ. ಎರಡೂ ಕಡೆ ಕಾರುಗಳು ನಿಂತವು. ಯಾರೂ ಹಾರನ್ ಬಾರಿಸಲಿಲ್ಲ. ನಾನು ದಾಟಲೆಂದು ಕಾಯುತ್ತಿದ್ದರು. ನನಗೆ ದಾಟುವುದೇ ಬೇಕಿರಲಿಲ್ಲ. ಆದರೆ ಇಷ್ಟು ಜನ ನಿಂತ ಮೇಲೆ ದಾಟದಿರುವುದು ಹೇಗೆ? ದಾಟಿದೆ. ಆಚೆ ಬದಿಯಲ್ಲಿ ನಿಂತು, ಹೇಗೆ ವಾಪಸ್ ಹೋಗಲಿ ಎಂದು ಯೋಚಿಸಿದೆ. ಮತ್ತೆ ಎರಡೂ ಕಡೆ ಕಾರುಗಳು ನಿಂತವು.

ರೂತ್ ಅವರ ಕಾರಿನಲ್ಲಿ

ನನ್ನನ್ನು ಜೊತೆಗೆ ಕರೆದೊಯ್ಯುತ್ತಿದ್ದವರು ರೂತ್. ಅರವತ್ತರ ಹತ್ತಿರದ ಶಿಕ್ಷಕಿ. ಮೂರು ವರ್ಷದೊಳಗಿನ ಮಕ್ಕಳ ಮನೆಗಳಿಗೆ ಹೋಗಿ ಕಲಿಸುವುದು ಅವರ ಕೆಲಸ. ಮೊದಲ ಮನೆಗೆ ಹೊರಟಾಗ ಅವರ ಕೈಯಲ್ಲಿ ಕಾರಿನ ಕೀಲಿ ಬಿಟ್ಟರೆ ಏನೂ ಇರಲಿಲ್ಲ.

"ಸಾಮಾನು?" ಎಂದೆ.

"ಯಾವ ಸಾಮಾನು?"

"ಆಟಿಕೆಗಳು, ಚಿತ್ರದ ಕಾರ್ಡುಗಳು. ತರಬೇತಿಗೆ."

"ಆ ಮನೆಯಲ್ಲಿ ಎಲ್ಲ ಇದೆ."

ಇದನ್ನು ನಾನು ಖರ್ಚು ಉಳಿಸುವ ಉಪಾಯ ಎಂದು ತಿಳಿದೆ, ಹಾಗೆಂದು ಹೇಳಿಯೂಬಿಟ್ಟೆ. ನಮ್ಮ ಕಡೆ ಕೂಸಿರುವ ಮನೆಗೆ ಯಾರೂ ಖಾಲಿ ಕೈಯಲ್ಲಿ ಹೋಗುವುದಿಲ್ಲ, ಒಂದು ಬಿಸ್ಕೀಟ್ ಪುಡಿಕೆಯಾದರೂ ಇರುತ್ತದೆ ಎಂದೂ ಸೇರಿಸಿದೆ.

ರೂತ್ ನಕ್ಕರು. "ಮೊದಲು ನಾನೂ ದೊಡ್ಡ ಚೀಲ ತೆಗೆದುಕೊಂಡು ಹೋಗುತ್ತಿದ್ದೆ. ಚೀಲ ತೆರೆದ ತಕ್ಷಣ ಮನೆಯವರು ಹಿಂದೆ ಸರಿದು ಕೂರುತ್ತಿದ್ದರು, ಡಾಕ್ಟರು ಬಂದ ಹಾಗೆ. ಮಗು ನನ್ನ ಜೊತೆ ಒಂದು ಗಂಟೆ ಆಡುತ್ತಿತ್ತು. ನಾನು ಚೀಲ ಕಟ್ಟಿಕೊಂಡು ಹೊರಟರೆ ಆಟವೂ ಹೊರಟುಬಿಡುತ್ತಿತ್ತು. ಉಳಿದ ಆರು ದಿನ ಏನು?"

"ಅದಕ್ಕೇ ಚೀಲವನ್ನು ಅಲ್ಲೇ ಬಿಟ್ಟು ಬರಬೇಕು," ಎಂದೆ. "ನಾವು ಹಾಗೇ ಮಾಡುತ್ತೇವೆ."

"ಬಿಟ್ಟು ಬಂದದ್ದನ್ನು ಉಪಯೋಗಿಸುತ್ತಾರಾ?"

ಸಂದೂಕ ನೆನಪಾಯಿತು. ಕಿಟಕಿಯಾಚೆ ನೋಡತೊಡಗಿದೆ. ಬಿಳಿಯ ಹೊಲಗಳು ನಿಧಾನವಾಗಿ ತಿರುಗುತ್ತಿದ್ದವು. ಈಗ ನಮ್ಮ ಕಡೆ ತೊಗರಿ ಕೊಯ್ದಾಗಿದೆ, ಜೋಳ ನಿಂತಿದೆ. ಇಲ್ಲಿಯ ಹಿಮದ ಕೆಳಗೆ ಮಣ್ಣು ಕಪ್ಪೋ ಕೆಂಪೋ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಗ್ಲೆಂಡಾ ಮನೆ

ಗ್ಲೆಂಡಾ ಶಾಲೆಯ ಬಸ್ ಓಡಿಸುವ ಹೆಂಗಸು. ದೊಡ್ಡ ದನಿ, ದೊಡ್ಡ ಕೈ. ಅವರ ಮನೆಯಲ್ಲಿರುವ ಸಾಕುಮಗಳನ್ನು ಜೂನ್ ಎಂದು ಕರೆಯುತ್ತೇನೆ. ಮುನ್ನಿಗಿಂತ ಎರಡು ತಿಂಗಳು ದೊಡ್ಡವಳು, ಅವಳಿಗೂ ಮಾತಿಲ್ಲ.

ಬಾಗಿಲಲ್ಲಿ ಬೂಟು ಕಳಚಿ ಹೊರಗಿನ ಮೆಟ್ಟಿಲ ಮೇಲೆ ಜೋಡಿಸಿಟ್ಟು ಒಳಗೆ ಹೋದೆ. ಪಾದರಕ್ಷೆಗೆ ಮನೆಯ ಹೊರಗೇ ಜಾಗ. ಇದನ್ನು ನಮಗೆ ಯಾರೂ ಕಲಿಸಿಕೊಡಬೇಕಿಲ್ಲ.

ರೂತ್ ಮಾಡಿದ್ದು ಏನು? ನೆಲದ ಮೇಲೆ ಕುಳಿತರು. ಎರಡೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡರು. ದಿನದಲ್ಲಿ ಕಷ್ಟದ ಹೊತ್ತು ಯಾವುದು ಎಂದು ಗ್ಲೆಂಡಾರನ್ನು ಕೇಳಿದರು. ಬೆಳಿಗ್ಗೆ ಕೋಟು ಹಾಕುವ ಹೊತ್ತು, ಜೂನ್ ಮನೆ ಹಾರಿಹೋಗುವಂತೆ ಕಿರಿಚುತ್ತಾಳೆ ಎಂದರು ಗ್ಲೆಂಡಾ. ಹಾಗಾದರೆ ಈಗ ಹಾಕಿ ನೋಡೋಣ ಎಂದರು ರೂತ್. ಗ್ಲೆಂಡಾ ಕೋಟು ಹಿಡಿದು ಸುಮ್ಮನೆ ನಿಂತರು. ಕಾದರು. ಗೋಡೆ ಗಡಿಯಾರದ ಮುಳ್ಳು ಕೇಳುವಷ್ಟು ಹೊತ್ತು ಕಾದರು. ಜೂನ್ ಕೋಟನ್ನು ನೋಡಿದಳು, ಗ್ಲೆಂಡಾರನ್ನು ನೋಡಿದಳು, ಆಮೇಲೆ ಒಂದು ತೋಳನ್ನು ಒಂದಿಂಚು ಎತ್ತಿದಳು.

ಈ ಒಂದಿಂಚಿಗೆ ಇಬ್ಬರು ಹೆಂಗಸರೂ ಮುಖ ಮುಖ ನೋಡಿಕೊಂಡದ್ದು ನನಗೆ ಅತಿ ಎನಿಸಿತು. ನನಗೆ ಕೈ ಕಡಿಯುತ್ತಿತ್ತು. ಅಡುಗೆಮನೆಯಿಂದ ನಾಲ್ಕು ಪ್ಲಾಸ್ಟಿಕ್ ಬಟ್ಟಲು ತಂದು ಜೂನ್ ಮುಂದೆ ಕುಳಿತು, ಒಂದರ ಮೇಲೊಂದು ಇಡಿಸಲು ಅವಳ ಕೈ ಹಿಡಿದೆ. ಹುಮನಾಬಾದಿನಲ್ಲಿ ನಾನು ದಿನವೂ ಮಾಡುವ ಪಾಠ. ಜೂನ್ ಕೈ ಕಿತ್ತುಕೊಂಡಳು, ಕಿರಿಚಿದಳು, ಬಟ್ಟಲು ಚೆಲ್ಲಾಪಿಲ್ಲಿಯಾಯಿತು. ಓಡಿಹೋಗಿ ಗ್ಲೆಂಡಾರ ಕಾಲುಗಳ ಹಿಂದೆ ನಿಂತು ಅವರ ಪ್ಯಾಂಟಿನಲ್ಲಿ ಮುಖ ಹುದುಗಿಸಿದಳು.

"ಸಹಕಾರ ಇಲ್ಲ," ಎಂದೆ, ಅಭ್ಯಾಸಬಲದಿಂದ.

ರೂತ್ ಗದರಲಿಲ್ಲ. "ಅವಳು ಎಲ್ಲಿಗೆ ಓಡಿದಳು, ನೋಡಿದೆಯಾ?" ಎಂದು ಕೇಳಿದರು.

"ಗ್ಲೆಂಡಾ ಹತ್ತಿರ."

"ಇದು ಅವಳಿಗೆ ಐದನೇ ಮನೆ. ಒಂದೇ ವರ್ಷದಲ್ಲಿ. ಇಲ್ಲಿಗೆ ಬಂದಾಗ ಯಾರು ಕೈ ಚಾಚಿದರೂ ಹೋಗಿಬಿಡುತ್ತಿದ್ದಳು. ಅಂಚೆಯವನ ಹತ್ತಿರವೂ ಹೋಗುತ್ತಿದ್ದಳು. ಅಳುತ್ತಿರಲಿಲ್ಲ. ನೋಡಿದವರು ಎಷ್ಟು ಒಳ್ಳೆಯ ಹುಡುಗಿ ಎನ್ನುತ್ತಿದ್ದರು. ಅಂಜಿದಾಗ ಒಬ್ಬರ ಬಳಿ ಓಡಬೇಕು ಎಂಬುದನ್ನು ಕಲಿಯಲು ಅವಳಿಗೆ ಐದು ತಿಂಗಳು ಬೇಕಾಯಿತು."

ನನ್ನ ವರದಿಯ ಮೂರನೇ ಅಂಶ ಕಣ್ಣ ಮುಂದೆ ಬಂತು. ಅತಿಯಾಗಿ ಅಂಟಿಕೊಳ್ಳುತ್ತದೆ. ಅದನ್ನು ಬರೆದ ಪೆನ್ನು, ಅಡಿಗೆರೆ ಎಳೆದ ಕೈ, ಎಲ್ಲ ನೆನಪಾಯಿತು. ಮುನ್ನಿ ಶಾಂತಾಬಾಯಿಯ ಸೆರಗಿನೊಳಗೆ ಮುಖ ಮುಚ್ಚಿಕೊಂಡದ್ದನ್ನು ನಾನು ದೋಷದ ಪಟ್ಟಿಗೆ ಸೇರಿಸಿದ್ದೆ.

ಹೊರಡುವಾಗ ಬಾಗಿಲು ತೆರೆದರೆ ನನ್ನ ಬೂಟುಗಳು ಇರಲಿಲ್ಲ. ಬೂಟಿನ ಆಕಾರದ ಎರಡು ಹಿಮದ ಗುಪ್ಪೆಗಳಿದ್ದವು. ಗ್ಲೆಂಡಾ ಅಂಥ ನಗು ನಕ್ಕು ವರ್ಷವೇ ಆಗಿತ್ತಂತೆ. "ಜನವರಿಯಲ್ಲಿ ಬೂಟು ಹೊರಗಿಡುವವರನ್ನು ಇವತ್ತೇ ಕಂಡೆ!" ಎಂದು ಅವನ್ನು ಎತ್ತಿಕೊಂಡು ಒಳಗೆ ಬಂದರು. ಜೂನ್ ಹತ್ತಿರ ಬಂದು ಬೂಟಿನೊಳಗೆ ಕೈ ಹಾಕಿ ಒಂದು ಮುಷ್ಟಿ ಹಿಮ ತೆಗೆದಳು. ಗ್ಲೆಂಡಾ ಬೂಟನ್ನು ಮೇಲೆತ್ತಿ ಹಿಡಿದು ಮತ್ತೆ ಸುಮ್ಮನಾದರು. ಕಾದರು. ಜೂನ್ ಎರಡೂ ಕೈಗಳ ಬೆರಳತುದಿಗಳನ್ನು ಒಂದಕ್ಕೊಂದು ಮುಟ್ಟಿಸಿದಳು. ಇನ್ನೂ ಬೇಕು ಎಂಬುದಕ್ಕೆ ಅಲ್ಲಿ ಮಕ್ಕಳಿಗೆ ಕಲಿಸುವ ಸನ್ನೆ ಅದು. ಬೂಟು ಇಳಿಯಿತು, ಇನ್ನೊಂದು ಮುಷ್ಟಿ. ಮತ್ತೆ ಸನ್ನೆ. ನನ್ನ ಬೂಟು ಖಾಲಿಯಾಗುವವರೆಗೆ ಪಾಠ ನಡೆಯಿತು. ನಾನು ಒದ್ದೆ ಕಾಲುಚೀಲದಲ್ಲಿ ನಿಂತು ನೋಡಿದೆ.

ಬುಧವಾರ

ಹಿಮದೂರಿನಲ್ಲಿ ಸೂರ್ಯ ಏಳುವ ಹೊತ್ತಿಗೆ ದುಬಲಗುಂಡಿಯಲ್ಲಿ ಮುಳುಗುತ್ತಾನೆ. ಒಂದೇ ಸೂರ್ಯ; ಅಲ್ಲಿಂದ ಜಾರಿದವನು ನನ್ನ ಕಿಟಕಿಯ ಹಿಮದ ಮೇಲೆ ನಸುಗೆಂಪಾಗಿ ಕಾಣುತ್ತಿದ್ದ. ಶಾಂತಾಬಾಯಿಗೆ ವಿಡಿಯೊ ಕರೆ ಮಾಡಿದೆ. ಫೋನ್ ಹಿಡಿದವರು ಅವರ ಗಂಡ ಅರ್ಜುನ. ತೆರೆಯ ಅರ್ಧಭಾಗ ಅವರ ಹೆಬ್ಬೆರಳೇ. ಉಳಿದರ್ಧದಲ್ಲಿ ಒಲೆಯ ಬೆಂಕಿ, ಹೆಂಚು, ರೊಟ್ಟಿ ತಟ್ಟುವ ಕೈ. ಪಕ್ಕದಲ್ಲಿ ಮುನ್ನಿ.

"ಅಕ್ಕೋರೆ! ಥಂಡಿ ಭಾಳ ಅದ ಏನ್ರಿ? ಮಾರಿ ಎಲ್ಲಾ ಕೆಂಪ್ ಆಗ್ಯದ!"

"ಭಾಳ ಅದ್ರಿ. ನೀವ್ ಏನ್ ಮಾಡಾಕತ್ತೀರಿ?"

"ರೊಟ್ಟಿ ಮಾಡಾಕತ್ತೇನಿ. ನಾ ಅಲ್ರಿ, ನಾವ್." ಅವರು ತಟ್ಟುವುದನ್ನು ನಿಲ್ಲಿಸಿ ಕೈ ಮೇಲೆತ್ತಿದರು. ಮುನ್ನಿಯ ಕಡೆ ನೋಡಿದರು. ಏನೂ ಹೇಳಲಿಲ್ಲ. ಮುನ್ನಿ ಅವರ ಮುಖ ನೋಡಿ, ಹಿಟ್ಟು ನೋಡಿ, ಪುಟ್ಟ ಅಂಗೈಯನ್ನು ರೊಟ್ಟಿಯ ಅಂಚಿಗೆ ಟಪ್ ಎಂದು ಬಡಿದಳು. "ಅಕಿ ಬಡೀಲಿಲ್ಲಂದ್ರ ನಾ ಹೆಂಚಿಗಿ ಹಾಕಂಗಿಲ್ರಿ. ಒಂದಿನ ಬಡೀಲೇ ಇಲ್ಲ ನೋಡ್ರಿ, ಇವ್ರು ಎಂಟ್ ಗಂಟಿ ತನಕ ಉಪವಾಸ!"

"ನನ್ನ ಹೊಟ್ಟಿ ಮ್ಯಾಲ ಸಾಲಿ ನಡಸ್ಯಾಳ್ರಿ ಇಕಿ," ಎಂದಿತು ಹೆಬ್ಬೆರಳು.

ನನಗೆ ನಗು ಬರಲಿಲ್ಲ. "ಇದು ಯಾವಾಗಿಂದ?"

"ನಮ್ಮನಿಗಿ ಬಂದಾಗಿಂದ್ರಿ. ಕುಂದ್ರಾಕ ಬರ್ತಿದ್ದಿಲ್ಲಲ್ರಿ, ನನ್ನ ಕಾಲಾಗ ಒರಗಿಸಿ ಕುಂದ್ರಿಸ್ಕೊಂಡ ಮಾಡ್ತಿದ್ದೆ."

ಅಲ್ಲಿಗೆ ಮೊದಲ ಅಂಶವೂ ಹೋಯಿತು. ಎರಡನೆಯದನ್ನಾದರೂ ಉಳಿಸಿಕೊಳ್ಳೋಣ ಎಂಬ ಹಟದಿಂದ ಕೇಳಿದೆ: "ಮತ್ತ ಆ ಆಟಿಕೆ ಪೆಟ್ಟಿಗಿ ಯಾಕ ಸಂದೂಕದಾಗ ಇಟ್ಟೀರಿ ಶಾಂತಾಬಾಯಿ? ಒಮ್ಮಿನೂ ತಗದಿಲ್ಲ."

ಕೈ ನಿಂತಿತು.

"ಸರ್ಕಾರಿ ಸಾಮಾನ್ರಿ ಅದು. ಒಡದ್ರ, ಖರಾಬ್ ಆದ್ರ ನೀವೇ ಕೇಳ್ತೀರಿ. ಸಾಮಾನ ಜ್ವಾಕಿ ಮಾಡಾಕ ಬರಂಗಿಲ್ಲ, ಕೂಸಿಗಿ ಏನ್ ಜ್ವಾಕಿ ಮಾಡ್ತಾಳ ಅಂತೀರಿ. ಅಂದು ಮುನ್ನಿಗ ಒಯ್ತೀರಿ. ಅದಕ್ಕ ಕೀಲಿ ಹಾಕಿ ಇಟ್ಟೇನ್ರಿ."

ಮಗುವನ್ನು ಉಳಿಸಿಕೊಳ್ಳಲು ಹಾಕಿದ ಬೀಗ. ಅದನ್ನೇ ನಾನು ಮಗುವನ್ನು ಬಿಡಿಸಲು ಸಾಕ್ಷ್ಯವಾಗಿ ಬಳಸಿದ್ದೆ. ಪೆಟ್ಟಿಗೆ ಕೊಟ್ಟ ದಿನ ರಿಜಿಸ್ಟರಿನಲ್ಲಿ ಅವರ ಹೆಬ್ಬೆಟ್ಟು ಒತ್ತಿಸಿಕೊಂಡು, "ಹುಷಾರ್‌ಲೆ ಇಡ್ರಿ, ಕಳದ್ರ ನಿಮ್ಮ ಜವಾಬ್ದಾರಿ" ಎಂದವಳೂ ನಾನೇ. ಅವರು ನನ್ನ ಮಾತನ್ನು ಅಕ್ಷರಶಃ ಪಾಲಿಸಿದ್ದರು.

ಫೋನ್ ಇಟ್ಟ ಮೇಲೆ ಬಹಳ ಹೊತ್ತು ಕಿಟಕಿಯ ಬಳಿ ಕುಳಿತಿದ್ದೆ. ಹಿಮ ಬೀಳುತ್ತಲೇ ಇತ್ತು. ಅದರ ಆಚೆ ಒಲೆಯ ಕೆಂಪು ಇನ್ನೂ ಉರಿಯುತ್ತಿರುವಂತೆ, ಒಂದು ಪುಟ್ಟ ಅಂಗೈ ಬಿಳಿ ಹೊಲದ ಅಂಚನ್ನು ಮೆಲ್ಲಗೆ ಬಡಿಯುತ್ತಿರುವಂತೆ ಕಂಡಿತು.

ಶುಕ್ರವಾರದ ಸಭೆ

ಹಾಗೆಂದು ಹಿಮದೂರು ಸ್ವರ್ಗವಲ್ಲ. ಜೂನ್ ಬಗ್ಗೆ ನಡೆದ ಸಭೆಯಲ್ಲಿ ನನಗೂ ಕೂರಲು ಬಿಟ್ಟರು. ದುಂಡನೆಯ ಮೇಜು, ಗ್ಲೆಂಡಾ ಎಲ್ಲರ ಜೊತೆಗೇ ಕುಳಿತರು, ಮೊದಲು ಮಾತಾಡಿದವರೂ ಅವರೇ. ಅದು ಒಳ್ಳೆಯದು. ಆದರೆ ಕಡತದಿಂದ ಹೊರಬಂದದ್ದು ಬೇರೆ ಕಥೆ. ಎರಡನೇ ಮನೆಯಲ್ಲಿದ್ದಾಗ ಗೊತ್ತುಮಾಡಿದ್ದ ಕಿವಿ ಪರೀಕ್ಷೆ ನಾಲ್ಕನೇ ಮನೆಗೆ ಹೋಗುವವರೆಗೂ ನಡೆದಿರಲಿಲ್ಲ. ಮನೆ ಬದಲಾದಾಗಲೆಲ್ಲ ಹೊಸ ಕಚೇರಿ, ಹೊಸ ಅರ್ಜಿ, ಮೊದಲಿನಿಂದ ಶುರು.

ವಾಪಸ್ ಬರುವಾಗ ಕಾರಿನಲ್ಲಿ ರೂತ್ ಮೇಲೆ ಮುಗಿಬಿದ್ದೆ. "ಇಷ್ಟು ಶಿಕ್ಷಕರು, ಇಷ್ಟು ಕಾನೂನು, ಆದರೂ ಒಂದು ಮಗುವಿಗೆ ವರ್ಷದಲ್ಲಿ ಐದು ಮನೆ! ನಮ್ಮಲ್ಲಿ ಏನೂ ಇಲ್ಲ, ಮುನ್ನಿಗೆ ಒಂದೇ ಮನೆ."

"ಒಪ್ಪಿದೆ," ಎಂದರು ರೂತ್. "ಹಾಗಾದರೆ ನಿನ್ನ ಮುನ್ನಿಯ ಕಿವಿ ಪರೀಕ್ಷೆ ಆಗಿದೆಯಾ?"

ಆಗಿರಲಿಲ್ಲ. ಬೀದರಿನ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟಿದ್ದೆ, ಹೋದರೋ ಇಲ್ಲವೋ ಕೇಳಿರಲಿಲ್ಲ.

"ಮನೆಯಲ್ಲಿ ಪ್ರೀತಿ ಇದ್ದರೆ ಪರೀಕ್ಷೆ ಬೇಡ ಎಂದು ನಾನು ಹೇಳುವುದಿಲ್ಲ," ಎಂದೆ ಕೊನೆಗೆ. ಅದು ಸೋಲೂ ಅಲ್ಲ, ಗೆಲುವೂ ಅಲ್ಲ. ಕಾರು ಮಂಜಿನೊಳಗೆ ಹೋಯಿತು.

ಬೀದರ್

ವಾಪಸ್ ಬಂದ ಮೂರನೇ ದಿನ ಸಮಿತಿ ಸೇರಿತು. ದೇಹ ಬಂದಿತ್ತು, ನಿದ್ದೆ ಇನ್ನೂ ಹಿಮದೂರಿನಲ್ಲೇ ಇತ್ತು. ಕಣ್ಣಿಗೆ ಎಲ್ಲವೂ ತುಸು ದೂರದಲ್ಲಿ, ನೀರಿನಡಿ ಇದ್ದಂತೆ. ನನ್ನ ಎರಡು ಪುಟದ ಬರಹ ಓದಿ ಅಧ್ಯಕ್ಷರು ಕನ್ನಡಕ ತೆಗೆದರು.

"ಏನ್ರಿ ಅಕ್ಕೋರೆ, ಪರದೇಶದ ನೀರ್ ಕುಡ್ದು ಪಾರ್ಟಿ ಬದಲಿ ಮಾಡಿದ್ರೇನು? ಹೋಗಾಗ ಒಂದ್ ಹೇಳಿದ್ರಿ, ಬಂದ ಮ್ಯಾಲ ಇನ್ನೊಂದು."

"ಹೋಗಾಗ ಹೇಳಿದ್ದು ತಪ್ಪಿತ್ತು ಸರ್."

ಇಷ್ಟು ವರ್ಷದ ಚರ್ಚೆಗಳಲ್ಲಿ ಈ ವಾಕ್ಯ ನನ್ನ ಬಾಯಿಂದ ಬಂದದ್ದಿಲ್ಲ. ಒಂದೊಂದೇ ಅಂಶ ಹಿಡಿದು ನನ್ನ ವಿರುದ್ಧವೇ ವಾದಿಸಿದೆ. ಪೆಟ್ಟಿಗೆ ಯಾಕೆ ಬೀಗದಲ್ಲಿತ್ತು, ಒಲೆಯ ಮುಂದೆ ನಡೆಯುತ್ತಿರುವುದು ಏನು, ಸೆರಗಿಗೆ ಅಂಟಿಕೊಳ್ಳುವುದರ ಅರ್ಥವೇನು. ಮುನ್ನಿ ಅಲ್ಲೇ ಇರಲಿ. ತರಬೇತಿ ಅವಳಿರುವಲ್ಲಿಗೆ ಹೋಗಲಿ, ಪ್ರತಿ ವಾರ, ನಾನೇ ಹೋಗುತ್ತೇನೆ ಎಂದೆ.

"ಮತ್ತ ಮಾತು? ಕಿವಿ? ಅದಕ್ಕೇನ್ ರೊಟ್ಟಿ ಸಾಕಾಗ್ತದೇನು?" ಅಧ್ಯಕ್ಷರ ಪ್ರಶ್ನೆ ನ್ಯಾಯವಾದದ್ದೇ.

"ಸಾಕಾಗಂಗಿಲ್ಲ ಸರ್. ಅದಕ್ಕೂ ಮೊದಲ ಶಾಂತಾಬಾಯಿ ಒಳಗ ಬಂದು ಕುಂದ್ರಲಿ. ಅವ್ರಿಗಿ ಕೇಳೂಣು."

ಶಾಂತಾಬಾಯಿ ಬಾಗಿಲಿಂದ ಬಂದು ಕುರ್ಚಿಯ ಅಂಚಿಗೆ ಕುಳಿತರು. ಮುನ್ನಿ ತೊಡೆಯ ಮೇಲೆ. ಅಧ್ಯಕ್ಷರು ಕೇಳಿದರು, "ಕೂಸಿಗಿ ಕೇಳಸ್ತದೇನವ್ವಾ?"

"ಅರ್ಧಾ ಕೇಳಸ್ತದ್ರಿ."

"ಅರ್ಧಾ ಅಂದ್ರ?"

"ಬಲಗಡಿಂದ ಕರದರ ತಿರಗ್ತಾಳ್ರಿ. ಎಡಗಡಿಂದ ಕರದರ ತಿರಗಂಗಿಲ್ಲ. ಅದಕ್ಕ ನಾ ಯಾವಾಗ್ಲೂ ಅಕಿಗಿ ನನ್ನ ಎಡಕ್ಕ ಕುಂದ್ರಿಸ್ಕೋತೇನಿ, ಅಕಿ ಬಲಗಿವಿ ನನ್ನ ಕಡಿ ಬರ್ತದ."

ವಿಡಿಯೊದಲ್ಲಿ ಮುನ್ನಿ ಅವರ ಎಡಬದಿಗೇ ಇದ್ದಳು. ನಾನು ನೋಡಿದ್ದೆ, ಕಂಡಿರಲಿಲ್ಲ.

"ಇಷ್ಟ ದಿನ ಯಾಕ ಹೇಳಲಿಲ್ರಿ?" ಎಂದು ನಾನೇ ಕೇಳಿದೆ.

"ಯಾರ್ ಕೇಳಿದ್ರಿ ಅಕ್ಕೋರೆ?" ಎಂದರು. ಸಿಟ್ಟಿರಲಿಲ್ಲ ಅದರಲ್ಲಿ.

ಆರು ತಿಂಗಳು ಮುನ್ನಿ ಶಾಂತಾಬಾಯಿಯ ಮನೆಯಲ್ಲೇ ಇರಬೇಕು, ಅದೇ ವಾರ ಕಿವಿ ಪರೀಕ್ಷೆ ಆಗಬೇಕು, ವಾರಕ್ಕೊಮ್ಮೆ ನಾನು ಮನೆಗೆ ಹೋಗಿ ವರದಿ ಕೊಡಬೇಕು, ಆರು ತಿಂಗಳ ನಂತರ 'ಮರುಪರಿಶೀಲನೆ' ಎಂದು ಹುಕುಂ ಆಯಿತು. ಮರುಪರಿಶೀಲನೆ ಎಂಬ ಪದವನ್ನು ಶಾಂತಾಬಾಯಿಗೆ ಎರಡು ಸಲ ಬಿಡಿಸಿ ಹೇಳಬೇಕಾಯಿತು.

ದುಬಲಗುಂಡಿ ಹಾದಿ

ಹುಮನಾಬಾದಿನಲ್ಲಿ ಬಸ್ ಬದಲಿಸಿ, ಅವರ ಜೊತೆ ನಾನೂ ದುಬಲಗುಂಡಿಯ ಬಸ್ ಹತ್ತಿದೆ. ಕಾರಣವಿರಲಿಲ್ಲ, ಸುಮ್ಮನೆ ಹತ್ತಿದೆ. ಮಧ್ಯಾಹ್ನದ ಬಿಸಿಲು ಕಿಟಕಿಯ ಕಂಬಿಗಳ ನೆರಳನ್ನು ಮುನ್ನಿಯ ಮುಖದ ಮೇಲೆ ಎಳೆಯುತ್ತ, ಅಳಿಸುತ್ತ ಬರುತ್ತಿತ್ತು. ಅವಳು ನಿದ್ದೆ ಹೋಗಿದ್ದಳು. ಹೊರಗೆ ಜೋಳದ ತೆನೆಗಳು ಗಾಳಿಗೆ ಒಂದೇ ಕಡೆ ಬಾಗಿ, ಒಂದೇ ಕಡೆ ಏಳುತ್ತಿದ್ದವು.

"ಆರ್ ತಿಂಗಳ ಆದ ಮ್ಯಾಲ ಮತ್ತ ಅಲ್ಲಿ ಹೋಗಿ ವಾದ ಮಾಡ್ತೀರೇನ್ರಿ?" ಎಂದು ಶಾಂತಾಬಾಯಿ ಕೇಳಿದರು.

"ಮಾಡಬೇಕಾಗ್ತದ್ರಿ."

"ಯಾರ ಕಡಿಂದ?"

ನಗುತ್ತಿದ್ದರು. ಆದರೆ ಉತ್ತರಕ್ಕೆ ಕಾಯುತ್ತಿದ್ದರು, ಹಿಟ್ಟಿನ ಮೇಲೆ ಕೈ ಎತ್ತಿ ಹಿಡಿದಾಗ ಕಾಯುವಂತೆಯೇ, ಅವಸರವಿಲ್ಲದೆ.

"ಈಗ ಗೊತ್ತಿಲ್ರಿ," ಎಂದೆ. "ಆರ್ ತಿಂಗಳ ನೋಡಿ ಹೇಳ್ತೇನಿ. ಮಂಗಳವಾರದಿಂದ ಶುರು ಮಾಡೂಣು. ಹನ್ನೊಂದಕ್ಕ ಬರ್ತೇನಿ."

"ಹನ್ನೊಂದಕ್ಕ ಬ್ಯಾಡ್ರಿ. ನಾ ಹೊಲದಾಗ ಇರ್ತೇನಿ, ನಿಮ್ಮ ಸಲುವಾಗಿ ಬಿಟ್ಟ ಬರ್ಬೇಕಾಗ್ತದ. ಆ ಹೊತ್ತಿಗಿ ಇಕಿಗೂ ನಿದ್ದಿ, ಎಬ್ಬಸಿದ್ರ ಅಳ್ತಾಳ. ಸಂಜಿ ಬರ್ರಿ, ಆರಕ್ಕ."

ಆರಕ್ಕೆ ನನ್ನ ಕಚೇರಿ ಮುಚ್ಚಿರುತ್ತದೆ, ವಾಪಸ್ ಬರಲು ಬಸ್ಸೂ ಕಷ್ಟ. ಹಾಗೆಂದು ಹೇಳಲು ಬಾಯಿ ತೆರೆದೆ. ಇಷ್ಟು ದಿನ ಹೋಗುವ ಹೊತ್ತನ್ನು ನಾನೇ ಗೊತ್ತುಮಾಡಿ ತಿಳಿಸುತ್ತಿದ್ದೆ. ಅವರು ಇಂಥ ಹೊತ್ತಿಗೆ ಬನ್ನಿ ಎಂದು ಹೇಳಿದ್ದು ಇದೇ ಮೊದಲು.

"ಆರಕ್ಕ ಬರ್ತೇನಿ," ಎಂದೆ.